‘ಗೊತ್ತಿಲ್ಲ, ನೋಡಿ ಹೇಳ್ತೀನಿ’



ಇವತ್ತಿನ ಚಿಂತನೆ ನಾಲ್ಕನೆಯ ಶೀಲದ ಬಗ್ಗೆ. ಮುಸಾವಾದದಿಂದ, ಅಂದರೆ ಸುಳ್ಳು ಮಾತಿನಿಂದ ದೂರ ಇರುತ್ತೇವೆ ಎಂದು ದಿನವೂ ಹೇಳಿಕೊಳ್ಳುತ್ತೇವೆ. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಅದು ಇದೆ. ಆದರೆ ಸುಳ್ಳು ಅಂದರೆ ಯಾವುದು ಎಂದು ಯಾರಾದರೂ ತಿರುಗಿ ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಅದನ್ನು ಒಂದು ಅಂಗಡಿಯ ಕೌಂಟರ್ ಎದುರು ನಿಂತು ಯೋಚಿಸೋಣ. ಕಾರಿನ ಬಿಡಿಭಾಗ ಮಾರುವ ಅಂಗಡಿ, ನಮ್ಮ ಮಾತಿನಲ್ಲಿ ಸ್ಪೇರ್ಸ್ ಅಂಗಡಿ. ದೊಡ್ಡಬಳ್ಳಾಪುರದ್ದೋ, ನೆಲಮಂಗಲದ್ದೋ, ಹೊಸಕೋಟೆಯದ್ದೋ, ಯಾವುದಾದರೂ ಆಗಲಿ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆಯ ಎಷ್ಟೋ ಹುಡುಗರು ಟ್ಯಾಕ್ಸಿ ಹಿಡಿದರು. ಹೊಲ ಹೋದವರ ಮಕ್ಕಳೂ ಹಿಡಿದರು, ಮೊದಲಿನಿಂದಲೂ ಹೊಲವೇ ಇಲ್ಲದವರ ಮಕ್ಕಳೂ ಹಿಡಿದರು. ಗಾಡಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಹಾಗಾಗಿ ಆ ಮನೆಗಳಲ್ಲಿ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ವೀಲ್ ಬೇರಿಂಗು ಅಕ್ಕಿಬೇಳೆಯ ಲೆಕ್ಕದ ಜೊತೆಗೇ ಬರುವ ಮಾತುಗಳು.

ಅಂಥ ಒಬ್ಬ ಡ್ರೈವರ್ ಕೌಂಟರಿಗೆ ಬಂದು ‘ಡಿಸೈರ್, 2018, ಎಡಗಡೆ ಹೆಡ್‌ಲೈಟು ಕೊಡಿ’ ಎನ್ನುತ್ತಾನೆ ಎಂದುಕೊಳ್ಳಿ. ಹೆಸರಿದೆ, ವರ್ಷವಿದೆ, ದಿಕ್ಕಿದೆ. ಇನ್ನೇನು ಬೇಕು? ಆದರೆ 2017ರಲ್ಲಿ ಹೊಸ ಡಿಸೈರ್ ಬಂದ ಮೇಲೂ ಹಳೆಯ ರೂಪದ ಗಾಡಿಯೇ ಟೂರ್ ಎಂಬ ಹೆಸರಿನಲ್ಲಿ ಟ್ಯಾಕ್ಸಿಯವರಿಗೆ ಮಾರಾಟವಾಗುತ್ತಿತ್ತು. ಒಂದೇ ಹೆಸರು, ಒಂದೇ ವರ್ಷ, ಗಾಡಿ ಮಾತ್ರ ಎರಡು. ಅದಕ್ಕೇ ಬಲ್ಲವನು ಮೊದಲು ಕೇಳುವುದು ‘ಬಿಳಿ ಬೋರ್ಡಾ, ಹಳದಿ ಬೋರ್ಡಾ’ ಎಂದು. ಎಡ ಅಂದರೆ ಯಾರ ಎಡ ಎನ್ನುವುದು ಆಮೇಲಿನ ಪ್ರಶ್ನೆ. ಗಾಡಿಯ ಎದುರು ನಿಂತವನ ಎಡ, ಸೀಟಿನಲ್ಲಿ ಕೂತವನಿಗೆ ಬಲ. ಅಂಗಡಿಯ ಲೆಕ್ಕ ಸೀಟಿನಲ್ಲಿ ಕೂತವನದು.

ನಾಗಸೇನ ಭಂತೆ ಮಿಲಿಂದ ರಾಜನಿಗೆ ರಥದ ಉದಾಹರಣೆ ಕೊಟ್ಟದ್ದು ನಿಮಗೆ ನೆನಪಿರುತ್ತದೆ. ಅಚ್ಚು ರಥವೇ? ಚಕ್ರ ರಥವೇ? ರಥ ಎಂಬುದು ವ್ಯವಹಾರಕ್ಕೆ ಇಟ್ಟುಕೊಂಡ ಒಂದು ಹೆಸರು. ಸ್ಪೇರ್ಸ್ ಅಂಗಡಿಯಲ್ಲಿ ನೋಡಿದರೆ ಬಿಡಿಭಾಗಗಳ ಗತಿಯೂ ಅದೇ. ಈಗಿನ ಗಾಡಿಗಳಲ್ಲಿರುವುದು ಆಲ್ಟರ್ನೇಟರ್, ನಾವು ಇನ್ನೂ ಡೈನಮೋ ಎನ್ನುತ್ತೇವೆ. ಸ್ಟೆಪ್ನಿ ಎನ್ನುವುದು ವೇಲ್ಸ್ ದೇಶದ ಲನೆತ್ಲಿ ಊರಿನ ಒಂದು ಬೀದಿಯ ಹೆಸರು. ಅಲ್ಲಿ ತಯಾರಾದ ಹೆಚ್ಚುವರಿ ಚಕ್ರದ ಜೊತೆ ನಮ್ಮೂರಿಗೂ ಬಂದು ಕನ್ನಡವಾಗಿಬಿಟ್ಟಿದೆ. (ಕನ್ನಡ ಮೇಷ್ಟ್ರಿಗೆ ಇಂಥದ್ದು ಸಿಕ್ಕರೆ ಬಿಡಲಾಗುವುದಿಲ್ಲ, ಕ್ಷಮಿಸಿ.) ಇವುಗಳಿಂದ ಯಾರಿಗೂ ಮೋಸವಿಲ್ಲ, ಯಾಕೆಂದರೆ ಹೇಳುವವನೂ ಕೇಳುವವನೂ ಒಂದೇ ವಸ್ತುವನ್ನು ನೆನೆಯುತ್ತಿರುತ್ತಾರೆ. ಒಂದು ಹೆಸರಿನ ಕೆಳಗೆ ಎರಡು ವಸ್ತು ಅಡಗಿದಾಗ ಹೆಸರು ಸಾಲದು, ಕಣ್ಣಿಟ್ಟು ನೋಡಬೇಕು.

ನೋಡುವುದಕ್ಕೆ ಪುರುಸೊತ್ತಿಲ್ಲದ ಕೌಂಟರಿನಲ್ಲಿ ಹುಟ್ಟುವ ಮಾತೇ ‘ಇದೇ ಆಗುತ್ತೆ, ತಗೊಂಡೋಗಿ.’

ಇದು ಸುಳ್ಳೇ? ಡೂಪ್ಲಿಕೇಟನ್ನು ಒರಿಜಿನಲ್ ಎಂದು ಕೊಡುವುದು ಕಳ್ಳತನ, ಅದರಲ್ಲಿ ಚರ್ಚೆಗೇನೂ ಇಲ್ಲ. ಆದರೆ ಇಲ್ಲಿ ಕೌಂಟರಿನವನಿಗೆ ಆ ಭಾಗ ತಪ್ಪು ಎಂದು ಗೊತ್ತಿಲ್ಲ. ಸರಿ ಎಂದೂ ಗೊತ್ತಿಲ್ಲ. ಎಷ್ಟೋ ಸಲ ಅವನು ಕೊಟ್ಟದ್ದು ಸರಿಯಾಗಿಯೇ ಕೂರುತ್ತದೆ. ನಿಜವಾಗಿಬಿಟ್ಟ ಮಾತನ್ನು ಸುಳ್ಳು ಎನ್ನುವುದು ಹೇಗೆ?

ಮಜ್ಝಿಮ ನಿಕಾಯದ ಸಾಲೆಯ್ಯಕ ಸುತ್ತದಲ್ಲಿ ಬುದ್ಧರು ಸುಳ್ಳನ್ನು ವಿವರಿಸುವ ಕ್ರಮ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಸಭೆಯಲ್ಲೋ, ಬಂಧುಗಳ ನಡುವೆಯೋ, ವೃತ್ತಿಸಂಘದಲ್ಲೋ ಒಬ್ಬನನ್ನು ನಿಲ್ಲಿಸಿ ನಿನಗೆ ತಿಳಿದದ್ದು ಹೇಳು ಎನ್ನುತ್ತಾರೆ. ಅವನು ತಿಳಿಯದೆಯೇ ತಿಳಿದಿದೆ ಎನ್ನುತ್ತಾನೆ, ತಿಳಿದಿದ್ದೂ ತಿಳಿಯದು ಎನ್ನುತ್ತಾನೆ. ತನಗಾಗಿ, ಬೇರೆಯವರಿಗಾಗಿ, ಅಥವಾ ಯಾವುದೋ ಅಲ್ಪ ಲಾಭಕ್ಕಾಗಿ. ಗಮನಿಸಿ, ವಸ್ತುವಿನ ಬಗ್ಗೆ ಅವನು ಹೇಳಿದ್ದು ನಿಜವಾಯಿತೋ ಇಲ್ಲವೋ ಎಂಬ ಲೆಕ್ಕವನ್ನು ಇಲ್ಲಿ ಮೊದಲು ಹಾಕಿಲ್ಲ. ಅವನು ಸುಳ್ಳಾಡಿದ್ದು ತನ್ನ ತಿಳಿವಳಿಕೆಯ ಬಗ್ಗೆ. ‘ಇದೇ ಆಗುತ್ತೆ’ ಎಂಬ ಮಾತಿನೊಳಗೆ ‘ನಾನು ನೋಡಿದ್ದೇನೆ’ ಎಂಬ ಇನ್ನೊಂದು ಮಾತು ಕೂತಿದೆ. ಹೆಡ್‌ಲೈಟು ಅದೃಷ್ಟಕ್ಕೆ ಸರಿಹೊಂದಿದರೂ ಆ ಎರಡನೆಯ ಮಾತು ಸುಳ್ಳಾಗಿಯೇ ಉಳಿಯುತ್ತದೆ.

ಹೆಡ್‌ಲೈಟು ತಪ್ಪಾದರೆ ಅರ್ಧ ದಿನದ ಬಾಡಿಗೆ ಹೋಗುತ್ತದೆ, ಅಷ್ಟೆ. ಬ್ರೇಕಿನ ವಿಷಯ ಹಾಗಲ್ಲ. ಒಂದೇ ಮಾಡೆಲಿನಲ್ಲಿ ಎಬಿಎಸ್ ಇರುವ ಗಾಡಿಗೆ ಒಂದು ಭಾಗ, ಇಲ್ಲದ್ದಕ್ಕೆ ಇನ್ನೊಂದು ಇರಬಹುದು. ಕೂತುಕೊಳ್ಳುವುದು ಬೇರೆ, ಕೆಲಸ ಮಾಡುವುದು ಬೇರೆ. ನಂದಿ ಬೆಟ್ಟ ಇಳಿಯುವಾಗ ಅದರ ವ್ಯತ್ಯಾಸ ಗೊತ್ತಾದರೆ ಪ್ರಯೋಜನವಿಲ್ಲ.

ಸುತ್ತದ ಎರಡನೆಯ ಅರ್ಧವನ್ನೂ ಬಿಡಬಾರದು. ತಿಳಿದಿದ್ದೂ ತಿಳಿಯದು ಎನ್ನುವುದು. ಸ್ಟೂಲಿನಿಂದ ಏಳದೆ ‘ಇಲ್ಲ, ಬರಲ್ಲ ಅದು’ ಎನ್ನುವವನನ್ನು ನೀವೆಲ್ಲ ಕಂಡಿದ್ದೀರಿ. ಮೇಲಿನ ಅಟ್ಟದಲ್ಲಿ ಪೆಟ್ಟಿಗೆ ಇದೆ, ಹತ್ತಬೇಕು, ನೂರಿಪ್ಪತ್ತು ರೂಪಾಯಿಯ ಬುಷ್‌ಗಾಗಿ ಯಾರು ಹತ್ತುತ್ತಾರೆ. ಮೊದಲನೆಯವನಿಗಿಂತ ಇವನು ಪ್ರಾಮಾಣಿಕನಂತೆ ಕಾಣುತ್ತಾನೆ. ನನ್ನ ದೃಷ್ಟಿಯಲ್ಲಿ ಇಬ್ಬರೂ ಒಂದೇ.

ಇನ್ನು ನಮ್ಮವರಿಗೇ ಸಂಬಂಧಿಸಿದ ಒಂದು ವಿಷಯ. ‘ಗೊತ್ತಿಲ್ಲ’ ಎನ್ನುವ ಮಾತಿಗೆ ಎಲ್ಲರ ಬಾಯಲ್ಲೂ ಒಂದೇ ಬೆಲೆ ಇಲ್ಲ. ಗಲ್ಲಾಪೆಟ್ಟಿಗೆಯ ಹಿಂದಿರುವ ಮಾಲೀಕ ‘ಇದು ನನಗೆ ಸರಿಯಾಗಿ ಗೊತ್ತಿಲ್ಲ’ ಎಂದರೆ ಗಿರಾಕಿ ಒಳ್ಳೆಯ ಮನುಷ್ಯ ಎಂದುಕೊಳ್ಳುತ್ತಾನೆ. ಅದೇ ಮಾತನ್ನು ಕಾಲೋನಿಯಿಂದ ಬಂದ, ಎಸ್ಸೆಸ್ಸೆಲ್ಸಿ ಮುಗಿಸಿ ಕೌಂಟರಿಗೆ ನಿಂತ ಹುಡುಗ ಆಡಿದರೆ ‘ಇಂಥವರನ್ನ ಯಾಕೆ ಇಟ್ಕೋತಾರೋ’ ಎಂಬ ಗೊಣಗಾಟ ಕೇಳಿಸುತ್ತದೆ. ತಲೆಮಾರುಗಳ ಕಾಲ ಓದಿನಿಂದ ದೂರ ಇಡಲ್ಪಟ್ಟವರಿಗೆ ಗೊತ್ತಿಲ್ಲ ಎನ್ನುವುದು ಬರೀ ಮಾಹಿತಿಯಲ್ಲ, ಹಳೆಯ ಬೈಗುಳವನ್ನು ತಾನಾಗಿಯೇ ಒಪ್ಪಿಕೊಂಡಂತೆ. ತರಗತಿಯಲ್ಲಿ ಇದನ್ನು ದಿನವೂ ನೋಡುತ್ತೇನೆ. ಪ್ರಶ್ನೆ ಕೇಳಿದರೆ ಕೆಲವು ಮಕ್ಕಳು ಗೊತ್ತಿಲ್ಲ ಎಂದು ನಿರಾಳವಾಗಿ ಕೂತುಬಿಡುತ್ತಾರೆ. ಇನ್ನು ಕೆಲವರು ಬಾಯಿಗೆ ಬಂದದ್ದನ್ನು ಹೇಳುತ್ತಾರೆ, ಸುಮ್ಮನಿದ್ದರೆ ಹಿಂದಿನಿಂದ ನಗು ಬರುತ್ತದೆ ಎಂದು ಅವರಿಗೆ ಗೊತ್ತು. ಯಾವ ಮಕ್ಕಳು ಯಾವ ಕೇರಿಯಿಂದ ಬಂದವರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಇದನ್ನು ನೆಪವಾಗಿ ಒಪ್ಪಲಾರೆ. ತಪ್ಪು ಬ್ರೇಕ್ ಪ್ಯಾಡಿಗೆ ಅದನ್ನು ಕೊಟ್ಟವನ ಕಷ್ಟ ಗೊತ್ತಾಗುವುದಿಲ್ಲ. ಆದರೆ ಆ ಹುಡುಗನ ಸುಳ್ಳನ್ನು ತೂಗುವಾಗ ಗಿರಾಕಿಯ ಪಾಲನ್ನೂ ತಕ್ಕಡಿಗೆ ಹಾಕಬೇಕು. ‘ಒಂದ್ನಿಮಿಷ ಇರಿ, ನಂಬರ್ ನೋಡಿ ಹೇಳ್ತೀನಿ’ ಎಂದವನನ್ನು ಬಿಟ್ಟು ಪಕ್ಕದಂಗಡಿಯ ‘ಐತೆ ಬನ್ನಿ’ ಕಡೆಗೆ ಹೋಗುವವರು ನಾವೇ. ಸಂಬಳಕ್ಕೆ ನಿಂತ ಹುಡುಗ ಎರಡು ತಿಂಗಳಲ್ಲಿ ಪಾಠ ಕಲಿಯುತ್ತಾನೆ: ನೋಡಿ ಹೇಳಿದರೆ ವ್ಯಾಪಾರ ಹೋಗುತ್ತದೆ, ನೋಡದೆ ಹೇಳಿದರೆ ಉಳಿಯುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದು ಕೌಂಟರಿನಲ್ಲಿದ್ದಾನೆ. ಹಳೆಯ ಬೇರಿಂಗ್ ತಂದುಕೊಟ್ಟರೆ ಗ್ರೀಸ್ ಒರೆಸಿ, ಮೊಬೈಲ್ ಟಾರ್ಚ್ ಹಾಕಿ, ಅಂಚಿನಲ್ಲಿ ಕೊರೆದ ನಂಬರ್ ಓದುತ್ತಾನೆ. 6203 ಎಂದಿದ್ದರೆ ಯಾವ ಕಂಪನಿಯದಾದರೂ ಒಳತೂತು 17 ಮಿಲಿಮೀಟರ್ ಎಂದು ಅವನೇ ನನಗೆ ಹೇಳಿಕೊಟ್ಟದ್ದು. ಹಳೆಯದು ಇಲ್ಲದಿದ್ದರೆ ಆರ್‌ಸಿ ಕೇಳುತ್ತಾನೆ. ಅದರಲ್ಲಿ ಗಾಡಿ ತಯಾರಾದ ತಿಂಗಳು ಇರುತ್ತದೆ, ನಾವು ಹೇಳುವ ವರ್ಷ ಎಷ್ಟೋ ಸಲ ನೋಂದಣಿಯದು. 17 ಅಕ್ಷರಗಳ ಚಾಸಿ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದೆಂದು. ಹಾಗಾಗಿ ಓ ಥರ ಕಂಡದ್ದು ಸೊನ್ನೆಯೇ. ಅವನ ‘ಗೊತ್ತಿಲ್ಲ’ದ ಹಿಂದೆಯೇ ‘ನೋಡಿ ಹೇಳ್ತೀನಿ’ ಬರುತ್ತದೆ. ಗೊತ್ತಿಲ್ಲ ಎನ್ನಲು ಅವನಿಗೆ ಈಗ ನಾಚಿಕೆಯಿಲ್ಲ, ಯಾಕೆಂದರೆ ಹೇಗೆ ತಿಳಿಯುವುದು ಎಂದು ಗೊತ್ತಿದೆ.

ಚಂಕಿ ಸುತ್ತದಲ್ಲಿ ಹದಿನಾರು ವರ್ಷದ ಬ್ರಾಹ್ಮಣ ಹುಡುಗ ಕಾಪಠಿಕನಿಗೆ ಬುದ್ಧರು ಕುರುಡರ ಸಾಲಿನ ಹೋಲಿಕೆ ಕೊಡುತ್ತಾರೆ. ಮುಂದಿನವನೂ ಕಾಣನು, ನಡುವಿನವನೂ ಕಾಣನು, ಕೊನೆಯವನೂ ಕಾಣನು, ಒಬ್ಬರನ್ನೊಬ್ಬರು ಹಿಡಿದು ನಡೆದಿದ್ದಾರೆ. ಅಲ್ಲಿ ಮಾತು ವೇದಮಂತ್ರಗಳ ಪರಂಪರೆಯದು. ಆದರೆ ಮೆಕ್ಯಾನಿಕ್ ಸದ್ದು ಕೇಳಿ ಹೇಳಿದ್ದನ್ನು ಡ್ರೈವರ್ ಫೋನಿನಲ್ಲಿ ಹೇಳಿ, ಕೌಂಟರಿನವನು ಜೆ.ಸಿ. ರಸ್ತೆಯ ಸಗಟು ಅಂಗಡಿಗೆ ಹೇಳಿ, ಅಲ್ಲಿಂದ ಪಾರ್ಸೆಲ್ ಬಂದಾಗ, ಆ ಭಾಗವನ್ನು ಕಣ್ಣಾರೆ ಕಂಡವರು ಆ ಸಾಲಿನಲ್ಲಿ ಎಷ್ಟು ಜನ? ಅದೇ ಸುತ್ತದಲ್ಲಿ ಸತ್ಯವನ್ನು ಕಾಯುವುದು ಹೇಗೆಂದೂ ಇದೆ. ‘ನನ್ನ ನಂಬಿಕೆ ಹೀಗೆ’ ಎನ್ನುವವನು ಸತ್ಯವನ್ನು ಕಾಯುತ್ತಾನೆ, ‘ಇದೊಂದೇ ನಿಜ’ ಎಂಬ ತೀರ್ಮಾನಕ್ಕೆ ಜಿಗಿಯುವುದಿಲ್ಲ. ಕೌಂಟರಿನ ಭಾಷೆಯಲ್ಲಿ ಅದು ‘ಮೆಕ್ಯಾನಿಕ್ ಹೇಳಿದ್ದು ಇದು, ನಾನು ನೋಡಿಲ್ಲ, ಹಳೇದು ಬಿಚ್ಚಿ ತನ್ನಿ.’ ಕಂಪ್ಯೂಟರಿನ ಕ್ಯಾಟಲಾಗಿಗೂ ಇದು ಅನ್ವಯ. ಗ್ರಂಥ ತಪ್ಪಲಾರದು ಎಂಬ ನಂಬಿಕೆಯನ್ನು ಬಾಬಾಸಾಹೇಬರು ಧಮ್ಮವಲ್ಲದ್ದರ ಪಟ್ಟಿಗೆ ಸೇರಿಸಿದ್ದಾರೆ.

ಕಾನೂನಿನ ಮಾತೂ ಒಂದಿಷ್ಟು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ ಕೊಡದಿರುವುದು, ದೋಷವಿರುವ ಸರಕನ್ನು ವಾಪಸ್ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ. ಆದ್ದರಿಂದ ಬಿಲ್ ಕೇಳಿ, ಅದರ ಮೇಲೆ ಗಾಡಿಯ ಮಾಡೆಲ್, ಚಾಸಿ ನಂಬರ್ ಬರೆಸಿ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ನಮ್ಮಲ್ಲಿ ಇನ್ನೂ ಇದೆ, ಅದನ್ನು ಕೌಂಟರಿನ ಹೊರಗೇ ಬಿಟ್ಟು ಹೋಗಿ. ಆದರೆ ತಪ್ಪಾಗಿ ಕೊಟ್ಟ ಒಳ್ಳೆಯ ಭಾಗ ದೋಷವಿರುವ ಸರಕಲ್ಲವಲ್ಲ. ನಂಬರ್ ಬರೆಸದಿದ್ದರೆ ಯಾರ ಮಾತು ತಪ್ಪಿತು ಎಂದು ತೋರಿಸುವುದು ಕಷ್ಟ.

ಒಂದು ಪ್ರಶ್ನೆ ಬಾಕಿ ಇದೆ. ‘ನೋಡೋದೇನು, ಇರೋ ಸ್ಟಾಕ್ ಸಾಗಿಸು’ ಎಂದು ಮಾಲೀಕನೇ ಹೇಳಿದರೆ ಸಂಬಳದ ಹುಡುಗ ಏನು ಮಾಡಬೇಕು? ಕೆಲಸ ಬಿಡು ಎನ್ನುವುದು ತಿಂಗಳ ಸಂಬಳ ಬರುವ ನನ್ನಂಥವನಿಗೆ ಸುಲಭ. ಬ್ರೇಕು, ಸ್ಟೀರಿಂಗಿನ ಭಾಗಗಳಲ್ಲಿ ಮಾತ್ರ ಮಣಿಯಬೇಡ, ಮಿಕ್ಕದ್ದರಲ್ಲಿ ‘ನೋಡಿಲ್ಲ’ ಎಂಬ ಒಂದು ಪದವನ್ನಾದರೂ ಗಿರಾಕಿಯ ಕಿವಿಗೆ ಹಾಕು ಎಂದು ನಾನು ಹೇಳಿಯೇನು. ಅದು ಸಾಕೇ ಎಂಬುದನ್ನು ಕೌಂಟರಿನಲ್ಲಿ ನಿಲ್ಲುವವರೇ ಹೇಳಬೇಕು. ಭಾನುವಾರದ ಓದಿಗೆ ಚಂಕಿ ಸುತ್ತವನ್ನೇ ಎತ್ತಿಕೊಳ್ಳೋಣ. ಗಾಡಿ ಓಡಿಸುವವರು, ಗ್ಯಾರೇಜು ಮತ್ತು ಅಂಗಡಿಗಳಲ್ಲಿ ದುಡಿಯುವವರು ಬನ್ನಿ, ತಡವಾದರೂ ಪರವಾಗಿಲ್ಲ.

ಜೈಭೀಮ್.