ಕೇಳುವುದೂ ಕಿವಿಗೊಡುವುದೂ

ಮಹಾಸಂಘವೊಂದರಿಂದ ಹೊರಬೀಳುವ ರಾಷ್ಟ್ರವು ತನ್ನ ಅಂಗರಾಜ್ಯದ ಸಮ್ಮತಿಯನ್ನು ಪಡೆಯಲೇಬೇಕೇ ಎಂಬುದು ಬ್ರಿಟನ್ನು ಯುರೋಪಿನ ಒಕ್ಕೂಟವನ್ನು ತ್ಯಜಿಸಿದಾಗ ಉದ್ಭವಿಸಿದ ಪ್ರಶ್ನೆ. 2016ರಲ್ಲಿ ಸ್ಕಾಟ್ಲೆಂಡಿನಲ್ಲಿ ಮತವಿತ್ತವರೊಳಗೆ ನೂರಕ್ಕೆ 62 ಮಂದಿ ಒಕ್ಕೂಟದಲ್ಲಿಯೇ ಇರಬಯಸಿದರು. 2018ರ ಮೇ ತಿಂಗಳಲ್ಲಿ ಅಲ್ಲಿಯ ಶಾಸನಸಭೆಯು ನಿರ್ಗಮನದ ಮಸೂದೆಗೆ ಸಮ್ಮತಿಯನ್ನು ನಿರಾಕರಿಸಿತು. ಆದರೂ ಲಂಡನ್ನಿನ ಪಾರ್ಲಿಮೆಂಟು ಅದನ್ನು ಅಂಗೀಕರಿಸಿತು. ಸಮ್ಮತಿ ಬೇಡುವುದು ರಾಜಕೀಯ ಸಂಪ್ರದಾಯವೇ ಹೊರತು ನ್ಯಾಯಾಲಯವು ಪಾಲಿಸಗೊಡಿಸತಕ್ಕ ನಿಯಮವಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿಯೇ ನಿರ್ಣಯಿಸಿತ್ತು.

ಇದು ದೂರದ ಮಾತೆಂದು ವಾಚಕರು ಬಗೆಯಬಾರದು. ನಮ್ಮ ತಂಗಡಗಿಯು ಬಿಜಾಪುರ ಜಿಲ್ಲೆಯೊಡನೆ 1956ನೆಯ ನವೆಂಬರ 1ರಂದು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರನ್ನು ಸೇರಿತು. ಕಾಯಿದೆಗಳು ಒಡನೆ ಬದಲಾಗಲಿಲ್ಲ. ಮುಂಬಯಿಯ 1879ರ ಭೂಕಂದಾಯ ಸಂಹಿತೆಯು 1964ರ ವರೆಗೂ ನಮ್ಮ ಹೊಲಗಳನ್ನಾಳಿತು. ಅದು ವಿವೇಕವೇ ಸರಿ. ಆದರೆ ಸಂವಿಧಾನದ 3ನೆಯ ಅನುಚ್ಛೇದದಂತೆ ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ಕೇಳಿದರೆ ಸಾಕು, ಅದರಂತೆ ನಡೆಯಬೇಕೆಂಬ ಕಟ್ಟಿಲ್ಲ. ಮಸೂದೆಯನ್ನು ತಿದ್ದಿದಾಗ ಮತ್ತೊಮ್ಮೆ ಕೇಳಬೇಕಾದುದೂ ಇಲ್ಲವೆಂದು ಬಾಬುಲಾಲ ಪರಾತೆಯವರ ಮೊಕದ್ದಮೆಯಲ್ಲಿ 1959ರಲ್ಲಿ ತೀರ್ಪಾಯಿತು.

ಬಯಸಿದುದೇ ದೊರೆತುದರಿಂದ ನಾವು ಈ ನಿಯಮವನ್ನು ನಿಂದಿಸಲಿಲ್ಲ. ಬೇಡವಾದುದು ಒದಗಿದ ಸ್ಕಾಟರಿಗೆ ಅಂತಹುದೇ ನಿಯಮವು ಅನ್ಯಾಯವೆಂದು ತೋರಿತು. ಕೇಳಿಯೂ ಕಿವಿಗೊಡದಿರುವುದು ಕಾಯಿದೆಗೆ ಸಮ್ಮತವಾದರೂ ಧರ್ಮಕ್ಕೆ ಸಮ್ಮತವೇ? ಅಂಗದ ಮಾತನ್ನು ಮೀರುವವರು, ಮೀರಿದುದೇಕೆಂಬುದನ್ನು ಆ ಅಂಗದ ಸಭೆಯ ಮುಂದೆಯೇ ನಿಂತು ಹೇಳುವ ಋಣವನ್ನಾದರೂ ಹೊರತಕ್ಕದ್ದೆಂದು ನನ್ನ ಮತ.