ಪ್ರತ್ಯಭಿಜ್ಞೆ, ಪರಿಗ್ರಹ ಮತ್ತು ಪಂಕ್ ತಟ್ಟೆಗಳು

ಹರೆಯದಲ್ಲಿ ಮೆಚ್ಚಿ, ಮುಂದೆ ನೌಕರಿ ಸಂಸಾರಗಳ ನಡುವೆ ಕೈಬಿಟ್ಟುಹೋದ ಸಂಗೀತವೊಂದಕ್ಕೆ ಹಲವರು ನಡುವಯಸ್ಸಿನಲ್ಲಿ ಮರಳುತ್ತಾರೆ. ಮರಳಿದವರು ಹಾಡು ಕೇಳುವಷ್ಟಕ್ಕೇ ನಿಲ್ಲದೆ ಅದರ ಹಳೆಯ ಧ್ವನಿಮುದ್ರಿಕೆಗಳನ್ನು ಹುಡುಕಿ ಕೂಡಿಡತೊಡಗುತ್ತಾರೆ. ಪಂಕ್ ರಾಕ್‌ನ ವಿಷಯದಲ್ಲಿ ಈ ಹಂಬಲ ಹೆಚ್ಚು ತೊಡಕಿನದು. ಏಕೆಂದರೆ 1976ರ ಸುಮಾರಿಗೆ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ರೂಪು ತಳೆದ ಈ ಹಾಡುಗಾರಿಕೆ, ವಾದನದ ಪಾಂಡಿತ್ಯಕ್ಕಿಂತ ಹೇಳಬೇಕಾದ ಮಾತಿನ ತುರ್ತೇ ದೊಡ್ಡದೆಂದು ನಂಬಿ, ಎರಡು ಮೂರು ನಿಮಿಷಗಳಲ್ಲಿ ಅಬ್ಬರಿಸಿ ಮುಗಿಯುತ್ತಿದ್ದುದಲ್ಲದೆ, ಕಂಪನಿಗಳ ಯಜಮಾನಿಕೆಯನ್ನೂ ಹಳೆಯದರ ಆರಾಧನೆಯನ್ನೂ ಒಟ್ಟಿಗೇ ಗೇಲಿ ಮಾಡುತ್ತಿತ್ತು. ಅಂಥ ಸಂಗೀತವೇ ಹಳೆಯದಾದಾಗ ಅದನ್ನು ಆರಾಧಿಸುವುದು ಹೇಗೆ, ಮರಳಿ ಬಂದ ಒಲವು ಮೊದಲಿನದೇ ಹೌದೇ ಎಂಬ ಪ್ರಶ್ನೆಗಳು ಏಳುತ್ತವೆ.

ಈ ಪ್ರಶ್ನೆಗಳನ್ನು ವಿಚಾರಿಸಲು ಲಂಡನ್ನಿಗೇ ಹೋಗಬೇಕಾಗಿಲ್ಲ. ಕಲಬುರಗಿ ಸೀಮೆಯ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಮಗ್ಗುಲಲ್ಲಿರುವ ಮಳಖೇಡ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿ ಜೈನ ವಿದ್ವತ್ತಿನ ನೆಲೆಯಾಗಿತ್ತು. ಅದೇ ಊರಿನ ಕಾಗಿಣಾ ದಂಡೆಯಲ್ಲಿ, ಟೀಕಾಚಾರ್ಯರೆಂದು ಹೆಸರಾದ 14ನೆಯ ಶತಮಾನದ ದ್ವೈತಿ ಜಯತೀರ್ಥರು ಪೂಜೆಗೊಳ್ಳುತ್ತಾರೆ. ಚಿತ್ತಾಪುರ ಸೀಮೆಯಲ್ಲಿ, ಭೀಮೆಯ ದಡದ ಸನ್ನತಿ ಮತ್ತು ಕನಗನಹಳ್ಳಿಗಳಲ್ಲಿ ಬೌದ್ಧರ ಮಹಾಸ್ತೂಪದ ಅವಶೇಷಗಳಿವೆ. ಹೀಗೆ ಈ ನೆಲದಲ್ಲಿ ಕುರುಹು ಉಳಿಸಿದ ಬೌದ್ಧ, ಜೈನ, ವೈದಿಕ ಪರಂಪರೆಗಳ ದಾರ್ಶನಿಕರು ಶತಮಾನಗಳ ಕಾಲ ತಮ್ಮೊಳಗೆ ವಾದಿಸಿದ ವಿಷಯಗಳಲ್ಲಿ ಒಂದು ಪ್ರತ್ಯಭಿಜ್ಞೆ. ಹಿಂದೆ ಕಂಡದ್ದನ್ನು ಮತ್ತೆ ಕಂಡಾಗ ನೆನಪೂ ಪ್ರತ್ಯಕ್ಷವೂ ಬೆರೆತು ಹುಟ್ಟುವ ಗುರುತಿಸುವಿಕೆಗೆ ಆ ಹೆಸರು.

ಎಲ್ಲವೂ ಕ್ಷಣಿಕವೆಂದ ಬೌದ್ಧರು ಈ ಗುರುತಿಸುವಿಕೆಯನ್ನು ಭ್ರಮೆಯೆಂದು ಬಗೆದರು. ಕತ್ತರಿಸಿದ ಮೇಲೆ ಬೆಳೆದ ಉಗುರನ್ನು ಹಳೆಯ ಉಗುರೇ ಎಂದುಕೊಳ್ಳುವಂತೆ ಹೋಲಿಕೆಯನ್ನೇ ಏಕತೆಯೆಂದು ಜನ ತಿಳಿಯುತ್ತಾರೆ ಎಂಬುದು ಅವರ ವಾದ. ಇದರಂತೆ ಹದಿನೆಂಟರ ಹರೆಯದಲ್ಲಿ ಹಾಡು ಮೆಚ್ಚಿದವನು ಬೇರೆ, ಐವತ್ತರಲ್ಲಿ ಅದನ್ನು ಮರಳಿ ಮೆಚ್ಚುವವನು ಬೇರೆ. ಜಯತೀರ್ಥರು ಇನ್ನೊಂದು ತುದಿಯಲ್ಲಿ ನಿಲ್ಲುತ್ತಾರೆ: ವಸ್ತುವನ್ನು ಇದ್ದಂತೆ ತಿಳಿಸುವುದೇ ಪ್ರಮಾಣವೆನ್ನುವ ಅವರ 'ಪ್ರಮಾಣಪದ್ಧತಿ', ಅನೇಕ ದರ್ಶನಗಳು ಹೊರಗಿಟ್ಟ ಸ್ಮೃತಿಯನ್ನೂ, ಅಂದರೆ ನೆನಪನ್ನೂ, ಪ್ರಮಾಣದ ಪಂಕ್ತಿಯಲ್ಲಿ ಕೂರಿಸುತ್ತದೆ. ಜೈನರ ಉತ್ತರ ಇವೆರಡಕ್ಕಿಂತ ಸೂಕ್ಷ್ಮವಾದುದು. ತಾರ್ಕಿಕ ಅಕಲಂಕನ ಪ್ರಮಾಣವಿಚಾರವನ್ನು ಸೂತ್ರಗಳಿಗಿಳಿಸಿದ ಮಾಣಿಕ್ಯನಂದಿಯ 'ಪರೀಕ್ಷಾಮುಖ'ದ ಪ್ರಕಾರ, 'ಇದು ಅದೇ' ಎಂಬ ಅರಿವಷ್ಟೇ ಅಲ್ಲ, 'ಇದು ಅದರಂತಿದೆ' ಎಂಬುದೂ 'ಇದು ಅದಕ್ಕಿಂತ ಬೇರೆ' ಎಂಬುದೂ ಪ್ರತ್ಯಭಿಜ್ಞೆಯೇ. ಹಾಗಾಗಿ ಹಳೆಯ ಹಾಡು ಮತ್ತೆ ಕಿವಿಗೆ ಬಿದ್ದಾಗ, ಅಂದಿನ ಸಿಟ್ಟು ಇಂದು ಅಷ್ಟು ಬಿಸಿಯಾಗಿಲ್ಲವೆಂದು ಹೊಳೆಯುವುದು ಒಲವಿನ ಸೋಲೇನೂ ಅಲ್ಲ. ಆ ವ್ಯತ್ಯಾಸದ ಅರಿವೂ ಗುರುತಿಸುವಿಕೆಯ ಒಂದು ಅಂಗ.

ಧ್ವನಿಮುದ್ರಿಕೆಯೆಂಬ ವಸ್ತು ಈ ಮಾತಿಗೆ ಒಳ್ಳೆಯ ಪುರಾವೆ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ ಸುಮಾರು 500 ಪೌಂಡು ಸಾಲ ಮಾಡಿ, ಯಾವ ಕಂಪನಿಯ ಹಂಗೂ ಇಲ್ಲದೆ, 1977ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ನಾಲ್ಕು ಹಾಡುಗಳ ಪುಟ್ಟ ತಟ್ಟೆಯ 1,000 ಪ್ರತಿಗಳನ್ನು ಹೊರತಂದಿತು. ಅದರ ಲಕೋಟೆಯ ಮೇಲೆ ಪ್ರತಿ ಹಾಡೂ ಎಷ್ಟನೆಯ ಸಲದ ಪ್ರಯತ್ನದಲ್ಲಿ ಮುದ್ರಣಗೊಂಡಿತು, ಅದಕ್ಕೆ ಮೇಲಿಂದ ಏನನ್ನಾದರೂ ಸೇರಿಸಲಾಯಿತೇ ಎಂಬುದನ್ನು ಅಚ್ಚು ಹಾಕಲಾಗಿದೆ. ಕೇಳುಗನ ಕೈಗೆ ಬಂದಿರುವುದು ಹಾಡಿನ ಶಾಶ್ವತ ರೂಪವಲ್ಲ, ಹಾಡಿದ ಹಲವು ಸಲಗಳಲ್ಲಿ ಒಂದು ಸಲ ಮಾತ್ರ ಎಂಬುದನ್ನು ತಂಡವೇ ಒಪ್ಪಿಕೊಂಡಿತು. ಆ ಒಂದು ಸಲವೂ ಹಾಗೆಯೇ ಉಳಿಯುವುದಿಲ್ಲ. ಮುಳ್ಳು ಹರಿದಾಡಿದಷ್ಟೂ ತಟ್ಟೆಯ ಗೀರು ಸವೆಯುತ್ತದೆ, ಗರಗರ ಸದ್ದು ಕೂಡಿಕೊಳ್ಳುತ್ತದೆ.

ಇನ್ನು ಕೂಡಿಡುವುದರ ಮಾತು. ಪರಿಗ್ರಹವೆಂದರೆ ವಸ್ತುಗಳನ್ನು ತನ್ನದಾಗಿಸಿಕೊಳ್ಳುವುದು. ಆದರೆ ಜೈನ ಸೂತ್ರಕಾರ ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ' ಅದನ್ನು ವಸ್ತುವಿನಿಂದಲ್ಲ, ಮೂರ್ಛೆಯಿಂದ ನಿರೂಪಿಸುತ್ತದೆ. ಮೂರ್ಛೆಯೆಂದರೆ ಇಲ್ಲಿ ಎಚ್ಚರ ತಪ್ಪಿದ ಮಮಕಾರ. ಈ ನಿರೂಪಣೆಯ ಹರಿತ ತಿಳಿಯಲು ಪಂಕ್‌ನ ಇತಿಹಾಸದ ಎರಡು ಪ್ರಸಂಗಗಳು ಸಾಕು. ಸೆಕ್ಸ್ ಪಿಸ್ಟಲ್ಸ್ ತಂಡವನ್ನು 1977ರ ಜನವರಿಯಲ್ಲಿ ಇಎಂಐ ಕಂಪನಿ ಕೈಬಿಟ್ಟಿತು.  ಮಾರ್ಚ್‌ನಲ್ಲಿ ತಂಡವನ್ನು ಸೇರಿಸಿಕೊಂಡ ಎ ಅಂಡ್ ಎಂ ಕಂಪನಿಯೂ ಸುಮಾರು ವಾರದೊಳಗೆ ಒಪ್ಪಂದ ಮುರಿದು, ಅಚ್ಚಾಗಿದ್ದ ಸುಮಾರು 25,000 ತಟ್ಟೆಗಳಲ್ಲಿ ಬಹುಪಾಲನ್ನು ನಾಶಮಾಡಿಸಿತು. ಅಳಿದುಳಿದ ಕೆಲವೇ ಪ್ರತಿಗಳು ಮುಂದೆ 10,000 ಪೌಂಡಿಗೂ ಮೀರಿದ ಬೆಲೆಗೆ ಮಾರಾಟವಾಗಿವೆ. ಎರಡನೆಯದು, ಆ ತಂಡದ ವ್ಯವಸ್ಥಾಪಕ ಮಾಲ್ಕಮ್ ಮೆಕ್‌ಲಾರೆನ್‌ನ ಮಗ ಜೋ ಕೊರೆ 2016ರ ನವೆಂಬರ್ 26ರಂದು, ಪಂಕ್ ಸ್ಮಾರಕವಸ್ತುವಾಗಿಬಿಟ್ಟಿದೆಯೆಂದು ಪ್ರತಿಭಟಿಸಿ, ತನ್ನ ಸಂಗ್ರಹವನ್ನು ಥೇಮ್ಸ್ ನದಿಯ ದೋಣಿಯೊಂದರ ಮೇಲೆ ಸುಟ್ಟದ್ದು. ಅದರ ಬೆಲೆ 50 ಲಕ್ಷ ಪೌಂಡು ಎಂದು ಅವನೇ ಸಾರಿದ್ದ. ಬೆಲೆಯನ್ನು ಡಂಗುರ ಹೊಡೆದು ಸುಡುವುದು ತ್ಯಾಗವಾದೀತೇ? ವಸ್ತು ಬೂದಿಯಾದರೂ ಅದರ ಬೆಲೆಯ ಮೇಲಿನ ಕಣ್ಣು ಹಾಗೆಯೇ ಉಳಿದಿದ್ದರೆ, ಜೈನ ಮಾನದಂಡದಲ್ಲಿ ಅದೂ ಮೂರ್ಛೆಯೇ.

ಹಾಡನ್ನು ವಸ್ತುವಾಗಿಸದೆಯೇ ಉಳಿಸಿಕೊಂಡ ಪರಂಪರೆಯೊಂದು ಕಲಬುರಗಿ ಸೀಮೆಯಲ್ಲಿದೆ. ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯರಾದ ಚನ್ನೂರ ಜಲಾಲಸಾಬರು, ಖೈನೂರ ಕೃಷ್ಣಪ್ಪನವರು ಹಾಡಿದ ತತ್ವಪದಗಳು ಅಂದಿನ ಮಠಗಳ ಡಾಂಭಿಕತೆಯನ್ನು ಕುಟುಕಿದವು. ಏಕತಾರಿ, ದಮ್ಮಡಿಗಳ ಜೊತೆ ಅಮಾವಾಸ್ಯೆಯ ರಾತ್ರಿಗಳ ಭಜನೆಯಲ್ಲಿ ಬಾಯಿಂದ ಬಾಯಿಗೆ ಹರಿದವು. ಆದರೂ ಈ ಪರಂಪರೆಯನ್ನು ತೋರಿಸಿ ಸಂಗ್ರಾಹಕನನ್ನು ಹಳಿಯುವುದು ಅವಸರದ ಮಾತು. ಭಜನೆಯವರೂ ಪದಗಳನ್ನು ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿದರು. ಅವು ಇಲ್ಲದಿದ್ದರೆ ಎಷ್ಟೋ ಪದಗಳು ಹಾಡುವವರೊಡನೆಯೇ ಮಣ್ಣಾಗುತ್ತಿದ್ದವು.

ಜೈನರೂ ಕೂಡಿಡುವುದನ್ನು ಎಲ್ಲರಿಗೂ ನಿಷೇಧಿಸಲಿಲ್ಲ; ಸರ್ವಸ್ವವನ್ನೂ ಬಿಡಬೇಕಾದವನು ಮುನಿ. ಶ್ರಾವಕನಿಗೆ, ಎಂದರೆ ಗೃಹಸ್ಥ ಜೈನನಿಗೆ, ವಿಧಿಸಿರುವುದು ಪರಿಗ್ರಹ ಪರಿಮಾಣವೆಂಬ ಅಣುವ್ರತ: ತನಗೆ ಇಷ್ಟು ಸಾಕೆಂದು ತಾನೇ ಮಿತಿ ಹಾಕಿಕೊಂಡು ಅದನ್ನು ಮೀರದಿರುವುದು. ಮೀರಬಾರದ ಬಾಬುಗಳನ್ನು 'ತತ್ತ್ವಾರ್ಥಸೂತ್ರ' ಹೊಲಮನೆ, ಬೆಳ್ಳಿಬಂಗಾರ, ದನಧಾನ್ಯ, ದಾಸದಾಸಿಯರು, ಕುಪ್ಯ ಎಂದು ಎಣಿಸುತ್ತದೆ. ಕುಪ್ಯವೆಂದರೆ ಬಟ್ಟೆಬರೆಯಂಥ ಮನೆಬಳಕೆಯ ಸಾಮಾನು. ಇಂದಿನ ಶ್ರಾವಕನೊಬ್ಬ ತನ್ನ ತಟ್ಟೆಗಳನ್ನು ಲೆಕ್ಕಕ್ಕೆ ಸೇರಿಸಹೊರಟರೆ, ದಿನವೂ ಯಂತ್ರಕ್ಕೇರಿ ಸವೆಯುವ ಮರುಮುದ್ರಣದ ಪ್ರತಿ ನಿಸ್ಸಂಶಯವಾಗಿ ಕುಪ್ಯದ ಸಾಲಿಗೆ ಸೇರುತ್ತದೆ. ಎ ಅಂಡ್ ಎಂ ಕಂಪನಿಯ ಮುದ್ರಣವನ್ನು ಮುಳ್ಳು ಸೋಕದಂತೆ ಬ್ಯಾಂಕಿನ ತಿಜೋರಿಯಲ್ಲಿಟ್ಟವನು ಮಾತ್ರ ಅದನ್ನು ಬಂಗಾರದ ಬಾಬಿನಲ್ಲೇ ಬರೆದುಕೊಳ್ಳಬೇಕಾದೀತು.