ಯಾರ ಮೈಮೇಲೆ ಕಲಿಯುವುದು?

ಮೈಟ್ರಲ್ ಸ್ಟೆನೋಸಿಸ್ ಇರುವ ಹೆಂಗಸೊಬ್ಬಳು ಸರ್ಕಾರಿ ಆಸ್ಪತ್ರೆಯ ಮೆಡಿಸಿನ್ ವಾರ್ಡಿಗೆ ಸೇರಿದರೆ ಸುದ್ದಿ ಸಂಜೆಯೊಳಗೆ ಹಾಸ್ಟೆಲ್ಲಿಗೆ ಮುಟ್ಟುತ್ತದೆ. 'ಒಳ್ಳೇ ಕೇಸ್ ಬಂದಿದೆ, ಮರ್ಮರ್ ಚೆನ್ನಾಗಿ ಕೇಳ್ಸುತ್ತೆ.' ಹೃದಯದ ಕವಾಟ ಕಿರಿದಾದಾಗ ಹುಟ್ಟುವ ಆ ಮೆಲುಸದ್ದು ಸಿಗಬೇಕಾದರೆ ರೋಗಿ ಎಡ ಮಗ್ಗುಲಿಗೆ ಹೊರಳಬೇಕು, ಉಸಿರು ಹೊರಬಿಟ್ಟು ತಡೆದಿರಬೇಕು. ಒಬ್ಬನಿಗೆ ಕೇಳಿಸಿತು, ಪಕ್ಕದವನಿಗೆ ಇಲ್ಲ, ಮೂರನೆಯವಳಿಗೆ ಅನುಮಾನ. ಹತ್ತು ಜನರ ಬ್ಯಾಚು ಮುಗಿಯುವಷ್ಟರಲ್ಲಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ಆಕೆ ಹತ್ತು ಸಲ ಉಸಿರು ಕಟ್ಟಿರುತ್ತಾಳೆ. ಆಮೇಲೆ ಇನ್ನೊಂದು ಬ್ಯಾಚು.

ಇದನ್ನು ಕ್ರೌರ್ಯ ಎನ್ನಲಾರೆ. ಆ ಸದ್ದನ್ನು ಕಿವಿಯಾರೆ ಕೇಳದೆ ಡಾಕ್ಟರಾದವನು ನಾಳೆ ಇಂಥವಳೇ ಬಂದರೆ ಸುಸ್ತು ಎಂದು ಟಾನಿಕ್ ಬರೆದು ಕಳಿಸಿಯಾನು. ಸೂಜಿ ಚುಚ್ಚುವುದನ್ನು ಗೊಂಬೆಯ ಮೇಲೆ ಕಲಿಯಬಹುದು. ಹೊಟ್ಟೆ ಒತ್ತಿದಾಗ ಮುಖ ಕಿವಿಚುವವರ ಜೊತೆ ಹೇಗೆ ಮಾತಾಡಬೇಕು ಎಂಬುದನ್ನಲ್ಲ. ಯಾರದೋ ಮೈ ಬೇಕೇ ಬೇಕು. ಯಾರದು ಎಂಬುದಷ್ಟೇ ಪ್ರಶ್ನೆ.

ಒಪ್ಪಿಗೆ ಕೇಳಿದರೆ ಸಾಕು ಎನ್ನುವುದು ಈಗಿನ ಉತ್ತರ. 2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ನೀತಿ, ನಡವಳಿಕೆ, ಸಂವಹನಕ್ಕೆಂದೇ ಅಟ್‌ಕಾಮ್ ಎಂಬ ಪಾಠಗಳು ಬಂದಿವೆ. ಬರಲೇಬೇಕಿತ್ತು. 'ನಾನು ಸ್ಟೂಡೆಂಟ್, ನೋಡಬಹುದಾ ಅಮ್ಮಾ?' ಎಂದು ಕೇಳುವ ಹುಡುಗಿ ಏನೂ ಕೇಳದೆ ಸೆರಗು ಸರಿಸುವವನಿಗಿಂತ ಸಾವಿರ ಪಾಲು ಮೇಲು. ಆದರೆ ಆಪರೇಷನ್ ದಿನ ಗೊತ್ತು ಮಾಡುವ ದೊಡ್ಡ ಡಾಕ್ಟರು ಪಕ್ಕದಲ್ಲೇ ನಿಂತಿರುವಾಗ, ಹಾಸಿಗೆ ಸಿಕ್ಕಿದ್ದೇ ಪುಣ್ಯ ಎಂದುಕೊಂಡವಳು ಬೇಡ ಎಂದಾಳೆಯೇ?

ಹೋಗಲಿ, ಆಕೆ ಮನಸಾರೆ ಒಪ್ಪಿದಳೆಂದೇ ಇಟ್ಟುಕೊಳ್ಳೋಣ. ಆಗಲೂ ಲೆಕ್ಕ ತೀರುವುದಿಲ್ಲ. ಆ ಕವಾಟ ಕೆಟ್ಟದ್ದು ಬಹುಪಾಲು ಬಾಲ್ಯದ ರುಮ್ಯಾಟಿಕ್ ಜ್ವರದಿಂದ. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆ, ಹೊತ್ತಿಗೆ ಸಿಗದ ಪೆನಿಸಿಲಿನ್ ಅದಕ್ಕೆ ದಾರಿ ಮಾಡುತ್ತವೆ. ಬಡತನ ಕಾಯಿಲೆ ಕೊಟ್ಟಿತು, ಕಾಯಿಲೆ ಆಕೆಯನ್ನು ಪಾಠವಾಗಿಸಿತು, ಕಲಿತವರಲ್ಲಿ ಹಲವರು ಆಕೆಗೆ ಎಟುಕದ ಆಸ್ಪತ್ರೆಗಳಿಗೆ ಹೋದರು. 1953ರಲ್ಲಿ ಶುರುವಾದ ಮಣಿಪಾಲದ ಕಸ್ತೂರಬಾ ಕಾಲೇಜು ಖಾಸಗಿ. ಅಲ್ಲಿನ ಹುಡುಗರು ಕ್ಲಿನಿಕಲ್ ಪಾಠ ಕಲಿತದ್ದು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಆ ಏರ್ಪಾಟಿನಿಂದ ಊರಿಗೂ ಲಾಭವಾಯಿತು, ನಿಜ. ಆದರೂ ಫೀಸು ಕೊಟ್ಟವರು ಯಾರು, ಮೈ ಕೊಟ್ಟವರು ಯಾರು ಎಂದು ನೋಡಬೇಕಲ್ಲ.

'ಪುಕ್ಕಟೆ ಚಿಕಿತ್ಸೆ ಸಿಗುತ್ತದಲ್ಲ, ಅಷ್ಟೂ ಸಹಿಸಬಾರದೇ?' ಎನ್ನುವವರಿದ್ದಾರೆ. ಬೆಂಕಿಪೊಟ್ಟಣ ಕೊಂಡವಳೂ ತೆರಿಗೆ ಕಟ್ಟಿರುತ್ತಾಳೆ. ಸರ್ಕಾರಿ ಸೀಟಿನಲ್ಲಿ ಓದುವ ಹುಡುಗನ ಖರ್ಚಿನ ಬಹುಪಾಲೂ ಅದೇ ತೆರಿಗೆಯದು. ಅವನ ಮೈಯನ್ನು ಯಾರೂ ಕೇಳುವುದಿಲ್ಲ.

ಹೆಣಗಳ ವಿಷಯದಲ್ಲಿ ಈ ವಾದ ಹಳೆಯದು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಅನಾಟಮಿ ಮೇಷ್ಟರಿಗೆ ಮಾರಲೆಂದೇ ಜನರನ್ನು ಕೊಂದದ್ದು ಬಯಲಾಯಿತು. ಬ್ರಿಟನ್ನಿನ 1832ರ ಕಾಯ್ದೆ ಕೊಲೆಯ ವ್ಯಾಪಾರ ನಿಲ್ಲಿಸಿತು. ಬದಲಿಗೆ ಬಡವರ ವರ್ಕ್‌ಹೌಸುಗಳಲ್ಲಿ ಸತ್ತ ವಾರಸುದಾರರಿಲ್ಲದವರನ್ನು ಮೇಜಿಗೆ ತಂದಿತು. ನಮ್ಮ 1957ರ ಅನಾಟಮಿ ಕಾಯ್ದೆಯೂ ಅನಾಥ ಶವಗಳನ್ನೇ ನೆಚ್ಚಿತು. ಇದಕ್ಕೆ ಉತ್ತರ ಸಿಕ್ಕಿದ್ದು ಬೇರೆ ಕಡೆಯಿಂದ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ಬರೆದುಕೊಟ್ಟು 2008ರಲ್ಲಿ ತೀರಿಕೊಂಡರು. 2010ರಲ್ಲಿ ಬೆಳಗಾವಿಯಲ್ಲಿ ಅವರ ಮಗನೇ ವಿದ್ಯಾರ್ಥಿಗಳೆದುರು ಅದನ್ನು ಛೇದಿಸಿ ಪಾಠ ಮಾಡಿದರು. ಪಾಠಕ್ಕೆ ಮೈ ಬೇಕೆನ್ನುವ ವರ್ಗವೇ ತನ್ನ ಮೈಯನ್ನು ಮುಂದಿಟ್ಟಿತು. ಸತ್ತ ಮೇಲೆ ಆಗುವುದಾದರೆ ಬದುಕಿರುವಾಗ ಏಕೆ ಆಗಬಾರದು?

ಬೋಧನಾ ಆಸ್ಪತ್ರೆಯ ಸ್ಪೆಷಲ್ ವಾರ್ಡಿನ ಬಾಗಿಲಲ್ಲಿ ವಿದ್ಯಾರ್ಥಿಗಳ ಗುಂಪು ನಿಂತಿರುವುದು ಅಪರೂಪ. ಅಲ್ಲಿರುವವರು ಪ್ರೊಫೆಸರು, ಗುತ್ತಿಗೆದಾರರು, ಶಾಸಕರ ಭಾವಮೈದುನರು. ಅವರನ್ನೂ ಅದೇ ಮಾತಿನಲ್ಲಿ, ಅದೇ ಬ್ಯಾಚು ಕೇಳಲಿ. ದೊಡ್ಡ ಡಾಕ್ಟರು ಹೊರಗಿರಲಿ; ಬೇಡ ಎಂದರೆ ಚಿಕಿತ್ಸೆಗೆ ಧಕ್ಕೆಯಿಲ್ಲ ಎಂದು ಎರಡೂ ವಾರ್ಡುಗಳಲ್ಲಿ ಹೇಳಲಿ. ಹೀಗೆ ಮಾಡಿದರೆ ಹಣವಿದ್ದವರು ಬೇರೆ ಆಸ್ಪತ್ರೆಗೆ ಹೋಗುತ್ತಾರೆ ಎಂಬ ಭಯವಿದೆ. ಹೋಗಬಹುದು. ಹಾಗೆ ಹೋಗಲು ಜನರಲ್ ವಾರ್ಡಿನವಳಿಗೆ ಜಾಗವಿಲ್ಲ ಎಂಬುದನ್ನೇ ನಾವು ಇಷ್ಟು ದಿನ ಆಕೆಯ ಒಪ್ಪಿಗೆ ಎಂದು ಬರೆದುಕೊಂಡು ಬಂದಿದ್ದೇವೆ.